ಪೇಸ್‌ಮೇಕರ್, ಐಸಿಡಿ ರಿಮೋಟ್ ಮಾನಿಟರಿಂಗ್: ಸಂಪರ್ಕ ತಪ್ಪಿದವರ ಪಟ್ಟಿ, ಅಲರ್ಟ್‌ಗಳ ರಾಶಿ – ಮೊದಲು ಯಾವುದನ್ನು ಹಿಡಿಯಬೇಕು?

ಹೊಸ_ಕ್ಲಿನಿಕ್

ಎಲ್ಲರಿಗೂ ನಮಸ್ಕಾರ. ಪೇಸ್‌ಮೇಕರ್, ಐಸಿಡಿ (ಅಪಾಯದ ಲಯ ಬಂದರೆ ಷಾಕ್ ಕೊಡುವ ಸಾಧನ), ಸಿಆರ್‌ಟಿ (ಎರಡೂ ಕೆಳಕೋಣೆಗಳನ್ನು ಒಟ್ಟಿಗೆ ಮಿಡಿಸುವ ಸಾಧನ), ಲೂಪ್ ರೆಕಾರ್ಡರ್ (ಲಯವನ್ನು ದಾಖಲಿಸುವ ಪುಟ್ಟ ಸಾಧನ) ಎಲ್ಲಾ ಸೇರಿ ಸುಮಾರು 600 ಜನರನ್ನು ದೂರದಿಂದಲೇ ಗಮನಿಸುವ ವ್ಯವಸ್ಥೆ ಕಟ್ಟಬೇಕಾಗಿದೆ. ನಾಲ್ಕು ಕಂಪನಿಗಳ ಸಾಧನಗಳಿವೆ, ಅಂದರೆ ನಾಲ್ಕು ಬೇರೆ ಬೇರೆ ವೆಬ್‌ಸೈಟ್. ಕೇಳಬೇಕಾದ್ದು ಇಷ್ಟು: ಎಷ್ಟು ಜನ ಸಿಬ್ಬಂದಿ ಬೇಕು? ಯಾವ ಅಲರ್ಟ್ ಇಡಬೇಕು, ಯಾವುದನ್ನು ಆಫ್ ಮಾಡಬೇಕು? ಸಂಪರ್ಕ ತಪ್ಪಿದವರನ್ನು ಹೇಗೆ ಹಿಂಬಾಲಿಸಬೇಕು? ರೋಗಿಗೆ, ಮನೆಯವರಿಗೆ ಏನು ಹೇಳಿ ಕಳಿಸಬೇಕು? ಕಂಪನಿಯ ಕೈಪಿಡಿಗಳನ್ನು ಓದಿ ಆಗಿದೆ. ದಿನದಿನದ ಕೆಲಸ ಗೊತ್ತಿರುವವರ ಮಾತು ಬೇಕು.

ಮಿಡಿತ

ಸಿಬ್ಬಂದಿ ಲೆಕ್ಕದಿಂದಲೇ ಶುರು ಮಾಡೋಣ, ಎಲ್ಲ ಕಡೆ ಎಡವುವುದು ಅಲ್ಲೇ. 2023ರಲ್ಲಿ ಹೃದಯ ಲಯ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಸೇರಿ ಹೊರತಂದ ಒಮ್ಮತದ ಮಾರ್ಗಸೂಚಿ 1000 ರೋಗಿಗಳಿಗೆ ಪೂರ್ಣಾವಧಿಯ 3 ಜನ ಎನ್ನುತ್ತದೆ. ನಿಮ್ಮ 600ಕ್ಕೆ ಹೆಚ್ಚುಕಡಿಮೆ ಇಬ್ಬರು. ಇವರು ಬೇರೆ ಕೆಲಸದ ನಡುವೆ ಬಿಡುವಾದಾಗ ಸ್ಕ್ರೀನ್ ನೋಡುವವರಲ್ಲ, ಇದನ್ನೇ ಮಾಡುವವರು. ಲೂಪ್ ರೆಕಾರ್ಡರ್‌ಗಳ ಪಾಲು ಹೆಚ್ಚಿದ್ದರೆ ಇಬ್ಬರೂ ಸಾಲುವುದಿಲ್ಲ.

ನೋಂದಣಿ ಸಾಧನ ಅಳವಡಿಸಿದ ಎರಡು ವಾರದೊಳಗೆ ಮುಗಿಯಬೇಕು. ರೋಗಿ ಮನೆಗೆ ಹೊರಡುವ ಮುಂಚೆಯೇ ಆದರೆ ಎಲ್ಲಕ್ಕಿಂತ ಒಳ್ಳೆಯದು. ನೋಂದಣಿ ಎಂದರೆ ವೆಬ್‌ಸೈಟಿನಲ್ಲಿ ಹೆಸರು, ಸೀರಿಯಲ್ ನಂಬರ್ ತುಂಬಿ ಕೈತೊಳೆದುಕೊಳ್ಳುವುದಲ್ಲ. ಮೊದಲ ಪ್ರಸರಣ (ಸಾಧನ ಕಳಿಸುವ ಮಾಹಿತಿ) ನಿಮ್ಮ ಸ್ಕ್ರೀನಿಗೆ ಬಂದು, ಅದರಲ್ಲಿ ಲೀಡ್‌ನ (ಸಾಧನದಿಂದ ಹೃದಯಕ್ಕೆ ಹೋಗುವ ತಂತಿ) ಅಳತೆಗಳು ಸರಿಯಾಗಿ ಕಾಣಿಸಿದ ಮೇಲಷ್ಟೇ ಆ ಹೆಸರಿನ ಮುಂದೆ ಗುರುತು ಹಾಕಿ. ಮನೆಯಲ್ಲಿಡುವ ಮಾನಿಟರ್ ಪೆಟ್ಟಿಗೆ ಕೊಟ್ಟು ಕಳಿಸಿ, ಅದು ಬೀರುವಿನ ಮೇಲೆ ಬಿಚ್ಚದೆ ಕುಳಿತಿರುವುದು ತಿಂಗಳುಗಟ್ಟಲೆ ಗೊತ್ತಾಗದೇ ಹೋಗುತ್ತದೆ. ಎರಡು ಫೋನ್ ನಂಬರ್ ಕಡ್ಡಾಯ: ಒಂದು ರೋಗಿಯದು, ಇನ್ನೊಂದು ಬೇರೆ ಮನೆಯಲ್ಲಿರುವ ಹತ್ತಿರದವರದು. ಒಂದೇ ಮನೆಯ ಎರಡು ನಂಬರ್ ಒಂದೇ ರಾತ್ರಿ ಸ್ವಿಚ್ ಆಫ್ ಆಗಿರಬಹುದು.

ಇಷ್ಟೆಲ್ಲ ಏಕೆ ಎಂದು ಆಡಳಿತದವರು ಕೇಳಿದರೆ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. 2014ರ ಇನ್‌-ಟೈಮ್ ಅಧ್ಯಯನದಲ್ಲಿ ಸಾಧನಗಳು ದಿನವೂ ತಾವೇ ಮಾಹಿತಿ ಕಳಿಸುತ್ತಿದ್ದವು, ಒಂದು ಕೇಂದ್ರ ತಂಡ ಅದನ್ನು ನೋಡಿ ವೈದ್ಯರನ್ನು ಎಚ್ಚರಿಸುತ್ತಿತ್ತು. ಒಂದು ವರ್ಷದಲ್ಲಿ ಸಾವಿನ ಪ್ರಮಾಣ ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ 8.7, ರಿಮೋಟ್ ಗುಂಪಿನಲ್ಲಿ ಶೇ 3.4. ಆದರೆ 2017ರ ರೆಮ್‌-ಎಚ್‌ಎಫ್‌ನಲ್ಲಿ 1650 ರೋಗಿಗಳ ಮಾಹಿತಿಯನ್ನು ವಾರಕ್ಕೊಮ್ಮೆ ನೋಡಿದರೂ ಫಲಿತಾಂಶದಲ್ಲಿ ವ್ಯತ್ಯಾಸ ಬರಲಿಲ್ಲ. ನನ್ನ ಓದಿನ ಪ್ರಕಾರ ಅಂತರ ಹುಟ್ಟಿದ್ದು ಮಾಹಿತಿ ಬಂದ ಮೇಲೆ ಏನಾಗುತ್ತದೆ ಎಂಬಲ್ಲಿ: ಎಷ್ಟು ಬೇಗ ಒಬ್ಬ ಮನುಷ್ಯ ಅದನ್ನು ನೋಡಿ ರೋಗಿಗೆ ಫೋನ್ ಮಾಡುತ್ತಾನೆ ಎಂಬಲ್ಲಿ.

ಸಿಗ್ನಲ್_ಮೂಲ

ಮಿಡಿತ ಅವರು ಹೇಳಿದ್ದಕ್ಕೆ ಒಂದು ಹೆಜ್ಜೆ ಹಿಂದಿನ ಮಾತು. ಮಾಹಿತಿ ಬಂದರೆ ತಾನೇ ನೋಡುವುದು? ಬೆಳಿಗ್ಗೆ ಬಂದ ಕೂಡಲೇ ಮೊದಲು ಕೆಂಪು (ತುರ್ತು) ಅಲರ್ಟ್, ಅದರ ಬೆನ್ನಿಗೇ ಸಂಪರ್ಕ ತಪ್ಪಿದವರ ಪಟ್ಟಿ. ಅಷ್ಟು ತುರ್ತಲ್ಲದ ಹಳದಿ ಅಲರ್ಟ್‌ಗಳೆಲ್ಲ ಆಮೇಲೆ. ಅಲರ್ಟ್ ಬಾರದ ರೋಗಿ ಚೆನ್ನಾಗಿದ್ದಾರೆ ಎಂದುಕೊಳ್ಳುವುದೇ ಈ ಕೆಲಸದಲ್ಲಿ ದೊಡ್ಡ ಅಪಾಯ.

ದಾರಿಯಲ್ಲಿ ಮೂರು ಕೊಂಡಿಗಳಿವೆ. ಸಾಧನದಿಂದ ಮಾನಿಟರ್‌ಗೆ, ಮಾನಿಟರ್‌ನಿಂದ ಸರ್ವರ್‌ಗೆ, ಸರ್ವರ್‌ನಿಂದ ನಿಮ್ಮ ಸ್ಕ್ರೀನ್‌ಗೆ. ಮೊದಲನೆಯದು ಸಾಮಾನ್ಯವಾಗಿ 402ರಿಂದ 405 ಮೆಗಾಹರ್ಟ್ಸ್ ನಡುವಿನ ವೈದ್ಯಕೀಯ ತರಂಗಪಟ್ಟಿ, ಹೊಸ ಸಾಧನಗಳಲ್ಲಿ ಬ್ಲೂಟೂತ್ ಲೋ ಎನರ್ಜಿ. ವ್ಯಾಪ್ತಿ ಹೆಚ್ಚೆಂದರೆ 2–3 ಮೀಟರ್. ಮಾಹಿತಿ ಹೋಗುವುದು ಬಹುಪಾಲು ರಾತ್ರಿ, ರೋಗಿ ಮಲಗಿರುವಾಗ. ಆದ್ದರಿಂದ ಪೆಟ್ಟಿಗೆ ಇರಬೇಕಾದ ಜಾಗ ಮಂಚದ ಪಕ್ಕ, ಸಾಧನ ಅಳವಡಿಸಿದ ಭುಜದ ಕಡೆ. ಹಾಲ್‌ನಲ್ಲಿ ಟಿವಿಯ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಕಬ್ಬಿಣದ ಮಂಚದ ತಲೆಭಾಗದ ಹಿಂದೆ ಅಥವಾ ಲೋಹದ ಕಪಾಟಿನೊಳಗೆ ಇಟ್ಟರೂ ಸಿಗ್ನಲ್ ಕುಂದುತ್ತದೆ.

ಫೋನಿನಲ್ಲಿ ದೂರು ಕೇಳುವಾಗ ಈ ಕ್ರಮದಲ್ಲಿ ಹೋಗಿ: ಪ್ಲಗ್ ಹಾಕಿದೆಯೇ, ಆ ಪಾಯಿಂಟ್‌ನ ಸ್ವಿಚ್ ರಾತ್ರಿ ಯಾರಾದರೂ ಆರಿಸುತ್ತಾರೆಯೇ, ಪೆಟ್ಟಿಗೆಯ ಮೇಲಿನ ಮೊಬೈಲ್ ಸಿಗ್ನಲ್ ದೀಪ ಹೊತ್ತಿದೆಯೇ, ಮಲಗುವ ಕೋಣೆ ಬದಲಾಗಿದೆಯೇ, ಊರು ಬಿಟ್ಟು ಮಗಳ ಮನೆಗೋ ಮಗನ ಮನೆಗೋ ಹೋಗಿದ್ದಾರೆಯೇ. ಇಷ್ಟರಲ್ಲೇ ಬಹುತೇಕ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ಎರಡನೇ ಕೊಂಡಿ ನೋಡಿ. ಹಳೆಯ ಪೆಟ್ಟಿಗೆಗಳಲ್ಲಿ 2ಜಿ ಅಥವಾ 3ಜಿ ಮೋಡೆಮ್ ಇರುತ್ತದೆ. ಆ ಜಾಲ ಮುಚ್ಚಿದ ಕಡೆ ಪೆಟ್ಟಿಗೆ ಚೆನ್ನಾಗಿಯೇ ಇದ್ದರೂ ಮಾಹಿತಿ ಹೊರಗೆ ಹೋಗುವುದಿಲ್ಲ. ಯಾರ ಬಳಿ ಯಾವ ಮಾದರಿ ಇದೆ ಎಂಬ ಪಟ್ಟಿ ಈಗಲೇ ಮಾಡಿಟ್ಟುಕೊಳ್ಳಿ, ಜಾಲ ನಿಂತ ದಿನ ಒಟ್ಟಿಗೆ ನೂರು ಜನ ಕಡಿದುಹೋಗುತ್ತಾರೆ.

ಫೋನ್ ಆ್ಯಪ್ ಬಳಸುವವರದು ಬೇರೆಯದೇ ಕಥೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪ್ ಅನ್ನು ಹಿನ್ನೆಲೆಯಲ್ಲಿ ನಿಲ್ಲಿಸುತ್ತದೆ. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಆದ ಮೇಲೆ ಅನುಮತಿಗಳು ಹೋಗಿರುತ್ತವೆ. ಮೊಮ್ಮಕ್ಕಳು ಬ್ಲೂಟೂತ್ ಆರಿಸಿರುತ್ತಾರೆ, ರಾತ್ರಿ ಏರೋಪ್ಲೇನ್ ಮೋಡ್ ಹಾಕಿರುತ್ತಾರೆ, ಇಲ್ಲವೇ ಆ್ಯಪ್ ಅನ್ನು ಸ್ವೈಪ್ ಮಾಡಿ ಮುಚ್ಚಿರುತ್ತಾರೆ. ಹೊಸ ಫೋನ್ ಕೊಂಡರೆ ಜೋಡಣೆ ಮೊದಲಿನಿಂದ ಮಾಡಬೇಕು, ಹಾಗೆ ಮಾಡಬೇಕೆಂದು ಯಾರಿಗೂ ನೆನಪಿರುವುದಿಲ್ಲ. ವಯಸ್ಸಾದವರಿಗೆ, ಫೋನನ್ನು ಕರೆಗೆ ಮಾತ್ರ ಬಳಸುವವರಿಗೆ ಪೆಟ್ಟಿಗೆಯನ್ನೇ ಕೊಡಿ. ಆ್ಯಪ್ ಹೊಸತು ಎಂಬ ಕಾರಣಕ್ಕೆ ಅದನ್ನು ಹೇರಬೇಡಿ.

ಹೊಸ_ಕ್ಲಿನಿಕ್

ಧನ್ಯವಾದ ಸಿಗ್ನಲ್ ಅವರೇ. ಒಂದು ಉಪಪ್ರಶ್ನೆ. ಕೆಲವರು ಭಯಕ್ಕೆ ವಾರಕ್ಕೆ ಎರಡು ಮೂರು ಸಲ ತಾವೇ ಬಟನ್ ಒತ್ತಿ ಕಳಿಸುತ್ತಾರೆ. ಅವರ ಸಮಾಧಾನಕ್ಕೆ ಬಿಟ್ಟುಬಿಡಬಹುದೇ?

ಸಿಗ್ನಲ್_ಮೂಲ

ಬೇಡ. ಪೂರ್ಣ ಪ್ರಸರಣದಲ್ಲಿ ಸಾಧನದ ರೇಡಿಯೊ ಎದ್ದು ಎಲ್ಲ ದಾಖಲೆಯನ್ನೂ ಕಳಿಸುತ್ತದೆ, ಅದಕ್ಕೆ ಖರ್ಚಾಗುವುದು ಎದೆಯೊಳಗಿನ ಬ್ಯಾಟರಿ. ಮೇಲಿಂದ ಮೇಲೆ ಮಾಡಿದರೆ ಆಯಸ್ಸು ಕಡಿಮೆಯಾಗುತ್ತದೆ. ರಾತ್ರಿಯ ಪುಟ್ಟ ತಪಾಸಣೆಗೆ ಬೀಳುವ ಖರ್ಚನ್ನು ಬ್ಯಾಟರಿಯ ಅಂದಾಜು ಆಯಸ್ಸಿನಲ್ಲೇ ಲೆಕ್ಕಹಾಕಿರುತ್ತಾರೆ, ಅದರ ಚಿಂತೆ ಬೇಡ. "ಲಕ್ಷಣ ಕಂಡಾಗ, ಷಾಕ್ ಆದಾಗ, ನಾವು ಕೇಳಿದಾಗ ಮಾತ್ರ ಒತ್ತಿ" ಎಂದು ಮೊದಲ ದಿನವೇ ಹೇಳಿಬಿಡಿ. ಒತ್ತಿದ ಮೇಲೆ ನಿಮಗೊಂದು ಕರೆಯನ್ನೂ ಮಾಡಬೇಕು. ಕರೆಯಿಲ್ಲದೆ ಬಂದ ಪ್ರಸರಣ ಸಾಲಿನಲ್ಲಿ ನಿಲ್ಲುತ್ತದೆ.

ಲೀಡ್_ನೋಟ

ನಾನು ಲೀಡ್ ಅಲರ್ಟ್‌ಗಳ ಬಗ್ಗೆ ಬರೆಯುತ್ತೇನೆ. ಸಂಖ್ಯೆಯಲ್ಲಿ ಇವು ಕಡಿಮೆ, ತಪ್ಪಿಸಿದರೆ ಆಗುವ ಹಾನಿ ಮಾತ್ರ ಬಹಳ.

ಪೇಸಿಂಗ್ ಇಂಪೀಡೆನ್ಸ್‌ಗೆ (ಲೀಡ್ ದಾರಿಯಲ್ಲಿ ವಿದ್ಯುತ್ತಿಗೆ ಇರುವ ತಡೆ) ಸಾಮಾನ್ಯ ಮಿತಿ 200ರಿಂದ 2000 ಓಮ್, ಕೆಲವು ಮಾದರಿಗಳಲ್ಲಿ 3000ದವರೆಗೆ. ಮಿತಿ ದಾಟಿದಾಗ ಮಾತ್ರ ನೋಡಿದರೆ ತಡವಾಯಿತು. ವರ್ಷಗಟ್ಟಲೆ 450ರ ಆಸುಪಾಸಿನಲ್ಲಿದ್ದ ಲೀಡ್ ಎರಡು ದಿನದಲ್ಲಿ 1100ಕ್ಕೆ ಜಿಗಿದರೆ ಅಲರ್ಟ್ ಬರುವುದಿಲ್ಲ, ಆದರೆ ಅದು ಒಳಗಿನ ತಂತಿ ಮುರಿಯುತ್ತಿರುವ ಗುರುತು ಇರಬಹುದು. ಹಾಗಾಗಿ ಒಂದು ಅಂಕಿ ನೋಡಬೇಡಿ, ಗ್ರಾಫ್ ನೋಡಿ. ಅಳವಡಿಸಿದ ಮೊದಲ ವಾರಗಳಲ್ಲೇ ಹಠಾತ್ ಏರಿದರೆ ಮೊದಲ ಅನುಮಾನ ಸಾಧನದ ತಲೆಭಾಗದಲ್ಲಿ ಲೀಡ್ ಪಿನ್ ಸರಿಯಾಗಿ ಕೂರದಿರುವುದು ಅಥವಾ ಸ್ಕ್ರೂ ಸಡಿಲವಾಗಿರುವುದು. ವರ್ಷಗಳ ನಂತರದ ಜಿಗಿತಕ್ಕೆ ತಂತಿ ಮುರಿತ. 200ಕ್ಕಿಂತ ಕೆಳಗೆ ಬಿದ್ದರೆ ಹೊದಿಕೆ ಹರಿದಿದೆ, ವಿದ್ಯುತ್ತು ಹೊರಗೆ ಸೋರುತ್ತಿದೆ. ನಿಧಾನವಾಗಿ ತಿಂಗಳುಗಟ್ಟಲೆ ಏರುವುದು ಹೆಚ್ಚಾಗಿ ಲೀಡ್ ತುದಿಯ ಅಂಗಾಂಶದ ಬದಲಾವಣೆ. ಆಗ ಸಾಧನ ತಾನೇ ಅಳೆದ ಥ್ರೆಶೋಲ್ಡ್ (ಹೃದಯವನ್ನು ಮಿಡಿಸಲು ಬೇಕಾದ ಕನಿಷ್ಠ ವಿದ್ಯುತ್ತು) ಜೊತೆಗಿಟ್ಟು ನೋಡಿ.

ಐಸಿಡಿಯಲ್ಲಿ ಇಂಪೀಡೆನ್ಸ್ ಬದಲಾಗುವ ಮೊದಲೇ ಗದ್ದಲ (ಹುಸಿ ವಿದ್ಯುತ್ ಸಂಕೇತ) ಶುರುವಾಗಬಹುದು. ಮಿಡಿತಗಳ ನಡುವೆ 140 ಮಿಲಿಸೆಕೆಂಡ್‌ಗಿಂತ ಚಿಕ್ಕ ಅಂತರಗಳು ಎಣಿಕೆಯಲ್ಲಿ ಏರುತ್ತಿದ್ದರೆ ಹೃದಯ ಅಷ್ಟು ವೇಗವಾಗಿ ಮಿಡಿಯುತ್ತಿಲ್ಲ, ಬರುತ್ತಿರುವುದು ಲೀಡ್‌ನ ಗದ್ದಲ. ಮೆಡ್‌ಟ್ರಾನಿಕ್ ಕಂಪನಿಯ ಲೀಡ್ ಇಂಟೆಗ್ರಿಟಿ ಅಲರ್ಟ್ ಮೂರು ಗುರುತುಗಳಲ್ಲಿ ಎರಡು ಸೇರಿದರೆ ಏಳುತ್ತದೆ: ಇಂಪೀಡೆನ್ಸ್ ಜಿಗಿತ, 3 ದಿನದಲ್ಲಿ ಇಂಥ 30 ಚಿಕ್ಕ ಅಂತರ, ಅತಿ ವೇಗದ ಅಲ್ಪಾವಧಿ ಲಯ. ಎದ್ದ ಕೂಡಲೇ ಸಾಧನ ಷಾಕ್‌ಗೆ ಮುಂಚೆ ಎಣಿಸುವ ಮಿಡಿತಗಳನ್ನು 40ರಲ್ಲಿ 30ಕ್ಕೆ ತಾನೇ ಏರಿಸಿಕೊಳ್ಳುತ್ತದೆ. ಅದು ಕೊಡುವ ಸಮಯ ಅಷ್ಟೇ, ಪರಿಹಾರವಲ್ಲ.

ಎಲೆಕ್ಟ್ರೋಗ್ರಾಂ (ಸಾಧನ ಒಳಗಿಂದ ದಾಖಲಿಸಿದ ಹೃದಯದ ವಿದ್ಯುತ್ ಗ್ರಾಫ್) ಓದುವಾಗ: ಗದ್ದಲ ಒಂದೇ ಚಾನಲ್‌ನಲ್ಲಿ, ಬಿಟ್ಟುಬಿಟ್ಟು, ಅಳತೆ ಮೀರಿ ಕತ್ತರಿಸಿದಂತೆ ಕಂಡರೆ ಮುರಿತ. ಎಲ್ಲ ಚಾನಲ್‌ಗಳಲ್ಲೂ ಒಂದೇ ಸಮನೆ, 16–20 ಮಿಲಿಸೆಕೆಂಡ್ ಅಂತರದಲ್ಲಿ ಕಂಡರೆ ಹೊರಗಿನ ವಿದ್ಯುತ್ತು. ರೋಗಿಗೆ ಫೋನ್ ಮಾಡಿ ಆ ದಿನ ಆ ಗಂಟೆಯಲ್ಲಿ ಯಾವ ಯಂತ್ರ ಮುಟ್ಟುತ್ತಿದ್ದರು ಎಂದು ಕೇಳಿ, ಅರ್ಥಿಂಗ್ ಇಲ್ಲದ ಉಪಕರಣ ಸಿಗುತ್ತದೆ. ಒಂದು ಬಿಟ್ಟು ಒಂದು ಮಿಡಿತದ ಆಕಾರ ಬೇರೆಯಾಗಿ, ಎಣಿಕೆ ಎರಡರಷ್ಟಾಗಿದ್ದರೆ ಟಿ ಅಲೆಯನ್ನೂ (ಪ್ರತಿ ಮಿಡಿತದ ಬೆನ್ನಿಗೆ ಬರುವ ಚೇತರಿಕೆಯ ಅಲೆ) ಮಿಡಿತವೆಂದು ಸಾಧನ ಎಣಿಸುತ್ತಿದೆ.

ಮುರಿತದ ಬಲವಾದ ಅನುಮಾನವಿದ್ದರೆ ಅದೇ ದಿನ ಕರೆಸಿ. ಪೇಸಿಂಗ್ ಮೇಲೆಯೇ ಪೂರ್ತಿ ಅವಲಂಬಿತರಾದವರಲ್ಲಿ ಗದ್ದಲವನ್ನು ಸಾಧನ ಮಿಡಿತವೆಂದು ತಿಳಿದು ಪೇಸಿಂಗ್ ನಿಲ್ಲಿಸುತ್ತದೆ, ರೋಗಿ ಕುಸಿಯುತ್ತಾರೆ. ಅವರನ್ನು ಒಬ್ಬರೇ ಬರಲು ಹೇಳಬೇಡಿ, ಗಾಡಿ ಓಡಿಸಿಕೊಂಡು ಬರಲು ಖಂಡಿತ ಹೇಳಬೇಡಿ. ಐಸಿಡಿಯ ಷಾಕ್ ಆಫ್ ಮಾಡುವುದು ಹೊರಗಿನ ಡಿಫಿಬ್ರಿಲೇಟರ್ ಪಕ್ಕದಲ್ಲಿ ಸಿದ್ಧವಿದ್ದಾಗ ಮಾತ್ರ.

ರಾತ್ರಿಪಾಳಿ

ಲೀಡ್_ನೋಟ ಅವರ ಮಾತಿಗೆ ಪೂರ್ತಿ ಒಪ್ಪಿಗೆ. ಇದಕ್ಕೆ ಸೇರಿಸಬೇಕಾದ ಒಂದು ಅಲರ್ಟ್: ಐಸಿಡಿ ಚಿಕಿತ್ಸೆ ಆಫ್. ಬೇರೆ ಶಸ್ತ್ರಚಿಕಿತ್ಸೆಗೆ ಹೋದಾಗ ಷಾಕ್ ಆಫ್ ಮಾಡಿ, ಮತ್ತೆ ಆನ್ ಮಾಡದೆ ಮನೆಗೆ ಕಳಿಸಿದ್ದು ರಿಮೋಟ್‌ನಲ್ಲೇ ಗೊತ್ತಾಗುತ್ತದೆ. ಇದು ಯಾವತ್ತೂ ಕೆಂಪು. ಇಲ್ಲಿಂದ ಕುಳಿತು ಆನ್ ಮಾಡಲು ಬರುವುದಿಲ್ಲ, ನಾವು ದಿನವೂ ಬಳಸುವ ರಿಮೋಟ್ ವ್ಯವಸ್ಥೆ ಓದುವುದಕ್ಕಷ್ಟೇ, ಪ್ರೋಗ್ರಾಂ ಬದಲಿಸುವುದಕ್ಕಲ್ಲ. ರೋಗಿ ಬರಲೇಬೇಕು.

ಬ್ಯಾಟರಿಯದು ಕೆಂಪಲ್ಲ, ಹಾಗೆಂದು ಬದಿಗಿಡುವಂಥದ್ದೂ ಅಲ್ಲ. ಬದಲಿಸುವ ಸಮಯ ಬಂತು ಎಂಬ ಸೂಚನೆಯಿಂದ ಪೂರ್ತಿ ಮುಗಿಯುವವರೆಗೆ ಸಾಮಾನ್ಯವಾಗಿ ಸುಮಾರು 3 ತಿಂಗಳಿರುತ್ತದೆ. ಆದರೆ ಆ ಸೂಚನೆ ಬಂದ ಕ್ಷಣದಿಂದ ಕೆಲವು ಪೇಸ್‌ಮೇಕರ್‌ಗಳು ಎರಡು ಕೋಣೆಯ ಪೇಸಿಂಗ್ ಬಿಟ್ಟು ಕೆಳಕೋಣೆಯನ್ನು ಮಾತ್ರ ನಿಮಿಷಕ್ಕೆ 65ರಂತೆ ಪೇಸ್ ಮಾಡತೊಡಗುತ್ತವೆ. ರೋಗಿಗೆ ಇದ್ದಕ್ಕಿದ್ದಂತೆ ಸುಸ್ತು, ಏದುಸಿರು. "ವಯಸ್ಸಾಯ್ತು" ಎಂದು ಮನೆಯವರು ಸುಮ್ಮನಾಗಿರುತ್ತಾರೆ. ಫೋನ್ ಮಾಡಿದಾಗ ಇದನ್ನು ಕೇಳಿ.

ಇನ್ನು ಏಟ್ರಿಯಲ್ ಫಿಬ್ರಿಲೇಷನ್ (ಏಎಫ್, ಹೃದಯದ ಮೇಲಿನ ಕೋಣೆಗಳ ತಾಳತಪ್ಪಿದ ಲಯ) ಅಲರ್ಟ್. ಎಲ್ಲರಿಗೂ 6 ನಿಮಿಷ ಮೀರಿದ ಕೂಡಲೇ ಏಳುವಂತೆ ಇಟ್ಟರೆ ನಿಮ್ಮ ಇಬ್ಬರು ಸಿಬ್ಬಂದಿ ಬೇರೇನೂ ಮಾಡಲಾರರು. ಈಗಾಗಲೇ ಏಎಫ್ ಎಂದು ಗೊತ್ತಿದ್ದು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರಲ್ಲಿ ಅವಧಿಯ ಅಲರ್ಟ್ ಆಫ್ ಮಾಡಿ, ಹೃತ್ಕುಕ್ಷಿಯ (ಕೆಳಕೋಣೆಯ) ವೇಗ ಹೆಚ್ಚಾದರೆ ಮಾತ್ರ ತಿಳಿಸುವಂತೆ ಇಡಿ. ಉಳಿದವರಿಗೆ 24 ಗಂಟೆ ಸಾಕು ಎಂಬುದು ನನ್ನ ಅಭಿಪ್ರಾಯ.

ಮಿಡಿತ

ರಾತ್ರಿಪಾಳಿಯವರೇ, ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 2012ರ ಅಸರ್ಟ್ ಅಧ್ಯಯನದಲ್ಲಿ 2580 ರೋಗಿಗಳು. ಮೊದಲ 3 ತಿಂಗಳಲ್ಲಿ 6 ನಿಮಿಷ ಮೀರಿದ ಏಎಫ್ ಕಂಡವರಲ್ಲಿ ಪಾರ್ಶ್ವವಾಯು ಮತ್ತು ರಕ್ತನಾಳದ ತಡೆಯ ಅಪಾಯ ಸುಮಾರು 2.5 ಪಟ್ಟು. ನಂತರದ ವಿಶ್ಲೇಷಣೆಯಲ್ಲಿ ಆ ಏರಿಕೆ 24 ಗಂಟೆ ದಾಟಿದವರಲ್ಲೇ ಮುಖ್ಯವಾಗಿ ಕಂಡಿತು, ನಿಮ್ಮ ಮಾತಿಗೆ ಆಧಾರ ಅದೇ ಎಂದು ಗೊತ್ತು. ಆದರೆ 2023ರ ಆರ್ಟೀಸಿಯಾ ಅಧ್ಯಯನ ನೋಡಿ: 6 ನಿಮಿಷದಿಂದ 24 ಗಂಟೆಯವರೆಗಿನ ಏಎಫ್ ಇದ್ದ 4012 ಜನ, ಎಪಿಕ್ಸಬಾನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಎದುರು ಆಸ್ಪಿರಿನ್. ಪಾರ್ಶ್ವವಾಯು ಶೇ 37ರಷ್ಟು ಕಡಿಮೆ. ವರ್ಷಕ್ಕೆ ಶೇ 1.24 ಇದ್ದದ್ದು 0.78ಕ್ಕೆ ಇಳಿಯಿತು, ಗಂಭೀರ ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಅಂದರೆ ಹಿಂದೆ ಪಾರ್ಶ್ವವಾಯು ಆದವರಲ್ಲಿ, ಅಪಾಯದ ಅಂಶಗಳು ಹಲವಿರುವವರಲ್ಲಿ 24 ಗಂಟೆವರೆಗೆ ಕಾಯುವುದು ಸರಿಯಲ್ಲ.

ರಾತ್ರಿಪಾಳಿ

ಒಪ್ಪಿದೆ ಮಿಡಿತ ಅವರೇ, ಹಿಂದೆ ಪಾರ್ಶ್ವವಾಯು ಆದವರಿಗೆ 6 ನಿಮಿಷವೇ ಇರಲಿ. ನನ್ನ ವಾದ ಇಷ್ಟು: ಒಂದೇ ಅಂಕಿಯನ್ನು 600 ಜನಕ್ಕೂ ಹಾಕಬಾರದು. ಜೊತೆಗೆ, ಮಾತ್ರೆ ಶುರು ಮಾಡುವ ಮುಂಚೆ ಎಲೆಕ್ಟ್ರೋಗ್ರಾಂ ಅನ್ನು ಕಣ್ಣಾರೆ ನೋಡಲೇಬೇಕು. ಹೃತ್ಕುಕ್ಷಿಯ ಸಂಕೇತವನ್ನೇ ಮೇಲಿನ ಲೀಡ್ ದೂರದಿಂದ ಹಿಡಿದು ಏಎಫ್ ಎಂದು ಎಣಿಸುವುದು ಸಾಮಾನ್ಯ. ಸಾಧನ ಹೇಳಿತು ಎಂದು ರಕ್ತಸ್ರಾವದ ಅಪಾಯ ತಂದುಕೊಳ್ಳಬಾರದು.

ಲೂಪ್ ರೆಕಾರ್ಡರ್‌ಗಳಲ್ಲಿ ಇದು ಇನ್ನೂ ಹೆಚ್ಚು. "ಮಿಡಿತ ನಿಂತಿತು" ಎಂಬ ಅಲರ್ಟ್‌ಗಳಲ್ಲಿ ಬಹಳಷ್ಟು ಸುಳ್ಳು. ರೋಗಿ ಮಗ್ಗುಲು ಬದಲಿಸಿದಾಗ ಸಂಕೇತದ ಎತ್ತರ ಕುಗ್ಗಿ ಸಾಧನಕ್ಕೆ ಮಿಡಿತ ಕಾಣದೇ ಹೋಗುತ್ತದೆ. ನಿಜವಾದ ನಿಲುಗಡೆಯಲ್ಲಿ ಮೂಲರೇಖೆ ಸಪಾಟಾಗಿರುತ್ತದೆ, ಸುಳ್ಳಿನಲ್ಲಿ ಪುಟ್ಟ ಪುಟ್ಟ ಮಿಡಿತಗಳು ತಾಳ ತಪ್ಪದೆ ಸಾಗುತ್ತಿರುತ್ತವೆ. ಮೇಲಿಂದ ಮೇಲಿನ ಎಕ್ಟೋಪಿಕ್ (ಅವಧಿಗೆ ಮುಂಚೆ ಬರುವ ಹೆಚ್ಚುವರಿ) ಮಿಡಿತಗಳು ಏಎಫ್ ಎಂದು ಬರುತ್ತವೆ. ಅಳವಡಿಸಿದ ಕಾರಣಕ್ಕೆ ತಕ್ಕಂತೆ ಹೊಂದಿಸಿ: ಪ್ರಜ್ಞೆ ತಪ್ಪುವವರಿಗೆ ನಿಲುಗಡೆ ಅಲರ್ಟ್ ಮುಖ್ಯ, ಕಾರಣ ತಿಳಿಯದ ಪಾರ್ಶ್ವವಾಯು ಆದವರಿಗೆ ಏಎಫ್ ಅಲರ್ಟ್. ಇನ್ನೊಂದನ್ನು ಸಡಿಲಿಸಿ. ಸುಳ್ಳು ದಾಖಲೆಗಳು ತುಂಬಿದರೆ ಸಾಧನದ ನೆನಪಿನಲ್ಲಿ ನಿಜದ ದಾಖಲೆ ಅಳಿಸಿಹೋಗುತ್ತದೆ ಎಂಬುದೂ ತಲೆಯಲ್ಲಿರಲಿ.

ಲೀಡ್_ನೋಟ

ಸಿಆರ್‌ಟಿ ಬಗ್ಗೆ ಯಾರೂ ಹೇಳಲಿಲ್ಲ. ಎರಡೂ ಹೃತ್ಕುಕ್ಷಿಗಳ ಪೇಸಿಂಗ್ ಶೇ 98ರ ಮೇಲಿರಬೇಕು ಎಂಬುದು ಗುರಿ. ಕೆಳಗಿಳಿದರೆ ಕಾರಣ ಹೆಚ್ಚಾಗಿ ವೇಗದ ಏಎಫ್ ಅಥವಾ ಹೃತ್ಕುಕ್ಷಿಯ ಹೆಚ್ಚುವರಿ ಮಿಡಿತಗಳು. ಆದರೆ ಎಣಿಕೆ ಹೇಳುವುದು ಸಾಧನ ಎಷ್ಟು ಸಲ ಸಂಕೇತ ಕೊಟ್ಟಿತು ಎಂದು ಮಾತ್ರ, ಹೃದಯ ಅದನ್ನು ಹಿಡಿಯಿತೇ ಎಂದಲ್ಲ. ಎಡ ಲೀಡ್ ಜರುಗಿ ಥ್ರೆಶೋಲ್ಡ್ ಏರಿದ್ದರೂ ಸ್ಕ್ರೀನ್ ಮೇಲೆ ಶೇ 99 ಎಂದೇ ತೋರಿಸುತ್ತದೆ. ಅಂಕಿ ಚೆನ್ನಾಗಿದ್ದು ರೋಗಿ ಚೆನ್ನಾಗಿಲ್ಲದಿದ್ದರೆ 12 ಲೀಡ್ ಇಸಿಜಿ ತೆಗೆಸಿ.

ಹೃದಯ ವೈಫಲ್ಯದಲ್ಲಿ ದೇಹದಲ್ಲಿ ನೀರು ತುಂಬುವುದನ್ನು ಅಂದಾಜಿಸುವ ದ್ರವ ಸೂಚಿಗಳನ್ನು ಒಂಟಿಯಾಗಿ ನಂಬಬೇಡಿ. ಎದೆಯ ಇಂಪೀಡೆನ್ಸ್ ಆಧಾರಿತ ಆಪ್ಟಿವಾಲ್‌ನ ಸಾಮಾನ್ಯ ಮಿತಿ 60. ನ್ಯುಮೋನಿಯಾ ಬಂದರೂ, ಸಾಧನ ಬದಲಿಸಿದ ಜಾಗ ಊದಿಕೊಂಡರೂ ಅದು ದಾಟುತ್ತದೆ. ಹಲವು ಸಂವೇದಕ ಬೆರೆಸುವ ಹಾರ್ಟ್‌ಲಾಜಿಕ್ 16 ದಾಟಿದಾಗ ಎಚ್ಚರಿಸುತ್ತದೆ. ಅದರ ಮೂಲ ಅಧ್ಯಯನದಲ್ಲಿ ಹೃದಯ ವೈಫಲ್ಯದ ಘಟನೆಗಿಂತ ಸುಮಾರು 34 ದಿನ ಮೊದಲೇ ಸೂಚನೆ ಸಿಕ್ಕಿತ್ತು. ಯಾವುದೇ ಇರಲಿ, ಅಲರ್ಟ್ ಬಂದ ದಿನ ಮೂತ್ರ ಹೆಚ್ಚಿಸುವ ಮಾತ್ರೆ ಏರಿಸುವ ಮೊದಲು ಫೋನ್ ಮಾಡಿ: ತೂಕ ಎಷ್ಟು, ಕಾಲು ಊದಿದೆಯೇ, ದಿಂಬು ಹೆಚ್ಚಾಗಿದೆಯೇ, ಮಾತ್ರೆ ಬಿಟ್ಟಿದ್ದಾರೆಯೇ. 2011ರ ಡಾಟ್‌-ಎಚ್‌ಎಫ್‌ನಲ್ಲಿ ದ್ರವ ಸೂಚಿಯ ಶಬ್ದವನ್ನು ರೋಗಿಗೇ ಕೇಳಿಸಿದಾಗ ಆಸ್ಪತ್ರೆ ದಾಖಲಾತಿ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಹೊಸ_ಕ್ಲಿನಿಕ್

ಬಹಳ ಉಪಕಾರವಾಯಿತು. ರೋಗಿಗಳಿಗೆ ಕೊಡುವ ಹಾಳೆಯಲ್ಲಿ ಏನಿರಬೇಕು? "ಇದನ್ನು ಯಾರಾದರೂ ಹ್ಯಾಕ್ ಮಾಡಿದರೆ?" ಎಂದೂ ಕೇಳುತ್ತಿದ್ದಾರೆ.

ಮಿಡಿತ

ಹಾಳೆಯ ಮೊದಲ ಸಾಲು ದಪ್ಪ ಅಕ್ಷರದಲ್ಲಿ: ಇದು ತುರ್ತು ಸೇವೆ ಅಲ್ಲ. ರಾತ್ರಿ 2 ಗಂಟೆಗೆ ಎದೆನೋವು ಬಂದರೆ ಪೆಟ್ಟಿಗೆ ಆಂಬುಲೆನ್ಸ್ ಕಳಿಸುವುದಿಲ್ಲ. ಯಾವ ದಿನ, ಯಾವ ಗಂಟೆಯಲ್ಲಿ ನೀವು ಅಲರ್ಟ್ ನೋಡುತ್ತೀರಿ ಎಂದು ಸ್ಪಷ್ಟವಾಗಿ ಬರೆಯಿರಿ. ಶನಿವಾರ, ಭಾನುವಾರ ನೋಡುವುದಿಲ್ಲವಾದರೆ ಅದನ್ನೂ ಬರೆಯಿರಿ, ಮರೆಮಾಚಬೇಡಿ. ಇದಕ್ಕೆ ರೋಗಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು.

ಷಾಕ್ ಬಗ್ಗೆ ಎರಡೇ ಸಾಲು. ಒಂದು ಷಾಕ್ ಆಗಿ ನಂತರ ಆರಾಮವಾಗಿದ್ದರೆ: ಪ್ರಸರಣ ಕಳಿಸಿ, ಕ್ಲಿನಿಕ್‌ಗೆ ಕರೆ ಮಾಡಿ. 24 ಗಂಟೆಯಲ್ಲಿ ಎರಡು ಅಥವಾ ಹೆಚ್ಚು ಷಾಕ್ ಆದರೆ, ಇಲ್ಲವೇ ಒಂದೇ ಷಾಕ್ ಆದರೂ ತಲೆಸುತ್ತು, ಎದೆನೋವು, ಉಸಿರಾಟದ ಕಷ್ಟ ಇದ್ದರೆ: ಪ್ರಸರಣಕ್ಕೆ ಕಾಯದೆ ನೇರ ತುರ್ತು ಚಿಕಿತ್ಸೆಗೆ.

ಭೇಟಿಗಳ ಬಗ್ಗೆಯೂ ಹೇಳಿ. ಸಂಪರ್ಕ ನಿರಂತರವಾಗಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಖುದ್ದು ತಪಾಸಣೆಯನ್ನು 24 ತಿಂಗಳವರೆಗೆ ಮುಂದೂಡಬಹುದು ಎನ್ನುತ್ತದೆ ಅದೇ 2023ರ ಮಾರ್ಗಸೂಚಿ. ಪೆಟ್ಟಿಗೆಯ ಪ್ಲಗ್ ಕಿತ್ತರೆ ಈ ಅನುಕೂಲವೂ ಹೋಗುತ್ತದೆ ಎಂದು ತಿಳಿದರೆ ಜನ ಪ್ಲಗ್ ಕೀಳುವುದಿಲ್ಲ.

ಸಿಗ್ನಲ್_ಮೂಲ

ಭದ್ರತೆಯ ಪ್ರಶ್ನೆ ನ್ಯಾಯವಾದದ್ದೇ, ಉಡಾಫೆ ಮಾಡಬೇಡಿ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಆಗಸ್ಟ್‌ನಲ್ಲಿ ಅಬಾಟ್‌ನ (ಹಿಂದಿನ ಸೇಂಟ್ ಜೂಡ್) ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಭದ್ರತಾ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಪ್ರಕಟಿಸಿತು. ಅದನ್ನು ಕ್ಲಿನಿಕ್‌ಗೆ ಕರೆಸಿಯೇ ಹಾಕಬೇಕಿತ್ತು. ಸುಮಾರು 3 ನಿಮಿಷದ ಕೆಲಸ, ಅಷ್ಟು ಹೊತ್ತು ಸಾಧನ ನಿಮಿಷಕ್ಕೆ 67ರ ಬ್ಯಾಕಪ್ ಪೇಸಿಂಗ್‌ನಲ್ಲಿರುತ್ತಿತ್ತು. 2019ರ ಮಾರ್ಚ್‌ನಲ್ಲಿ ಮೆಡ್‌ಟ್ರಾನಿಕ್‌ನ ಕಾನೆಕ್ಸಸ್ ರೇಡಿಯೊ ಸಂವಹನಕ್ಕೆ ಗೂಢಲಿಪಿ ಇಲ್ಲ ಎಂಬ ಎಚ್ಚರಿಕೆ ಬಂತು. ಆಗಲೂ ಮನೆಯ ಮಾನಿಟರ್ ಬಳಕೆ ಮುಂದುವರಿಸಿ ಎಂದೇ ಹೇಳಲಾಯಿತು, ಏಕೆಂದರೆ ಪ್ಲಗ್ ಕಿತ್ತಿಡುವುದರಿಂದ ಆಗುವ ಹಾನಿ ಹೆಚ್ಚು. ರೋಗಿಗೆ ಹೇಳಬೇಕಾದ್ದು: ಕಂಪನಿ ಅಥವಾ ಕ್ಲಿನಿಕ್ ಕೊಟ್ಟ ಪೆಟ್ಟಿಗೆಯನ್ನೇ ಬಳಸಿ, ಹಳೆಯದನ್ನು ಬೇರೆಯವರಿಂದ ಕೊಳ್ಳಬೇಡಿ, ಫೋನ್ ಅಪ್‌ಡೇಟ್ ಬಿಡಬೇಡಿ. ನಿಮ್ಮ ಕಡೆ: ಬಿಟ್ಟುಹೋದ ಸಿಬ್ಬಂದಿಯ ಲಾಗಿನ್ ಅದೇ ದಿನ ಮುಚ್ಚಿ, ನಾಲ್ವರು ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಪದ್ಧತಿ ಬೇಡ.

ಇನ್ನೊಂದು ವಿಷಯ. ರೋಗಿ ಬೇರೆ ಊರಿಗೆ ಹೋಗಿ ಬೇರೆ ಕ್ಲಿನಿಕ್ ಸೇರಿದರೆ, ನಿಮ್ಮ ಖಾತೆಯಿಂದ ನೀವು ಬಿಡುಗಡೆ ಮಾಡುವವರೆಗೆ ಅವರಿಗೆ ಸೇರಿಸಿಕೊಳ್ಳಲು ಆಗುವುದಿಲ್ಲ. ಹಾಗೆಂದು ಮೊದಲೇ ಬಿಡುಗಡೆ ಮಾಡಿದರೆ ನಡುವಿನ ದಿನಗಳಲ್ಲಿ ಅವರ ಅಲರ್ಟ್ ಯಾರಿಗೂ ಹೋಗುವುದಿಲ್ಲ. ಹೊಸ ಕ್ಲಿನಿಕ್‌ನವರ ಜೊತೆ ಫೋನಿನಲ್ಲಿ ಇರುವಾಗಲೇ ಬಿಡುಗಡೆ ಮಾಡಿ, ಅವರ ಸ್ಕ್ರೀನಿನಲ್ಲಿ ಹೆಸರು ಬಂದ ಮೇಲೆ ಫೋನ್ ಇಡಿ.